ಮೂರು ಬೆರಳಿನ ಅಕ್ಕ

ಗ್ರಿಂದು ಹಳ್ಳಿ
೧೪ ಜನವರಿ ೧೯೬೮ (ನಮ್ಮ ಹಳೆಯ ಪಂಚಾಂಗದಂತೆ)

ಅಕ್ಕ,

ನೀನು ಊರು ಬಿಟ್ಟು ಏಳು ವರ್ಷ, ನಮ್ಮ ಪತ್ರ ನಿಂತು ನಾಲ್ಕು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ನಾವು ಬದುಕಿದ್ದೇವೆ. ನೀನೂ ಬದುಕಿದ್ದೀ ಎಂದು ಮೀನಿನ ದೋಣಿಯವರು ಹೇಳಿದರು. ಬ್ರಾಯಿಲಾದಲ್ಲಿ ಜಿನೋವ್ಯ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲವಂತೆ, ಜೋಯೆ ಎಂದು ಕೇಳಬೇಕಂತೆ. ಅವ್ವ ಇಟ್ಟುಹೋದ ಹೆಸರು ಉದ್ದವಾಯಿತೇನೋ, ಆ ಊರಿನ ಬಾಗಿಲುಗಳಲ್ಲಿ ಹಿಡಿಸಲಿಲ್ಲ.

ನೀನು ಕಳಿಸಿದ್ದ ಫೋಟೋ ಇನ್ನೂ ಇದೆ. ಕೂದಲು ಕತ್ತರಿಸಿಕೊಂಡು, ತಲೆಗೆ ರುಮಾಲಿಲ್ಲದೆ, ಆ ಬಂದರು ಕಚೇರಿಯ ಗುಮಾಸ್ತನ ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ನಿಂತದ್ದು. ಅಪ್ಪ ಅದನ್ನು ಹರಿಯಲಿಲ್ಲ. ಗೋಡೆಗೆ ಮುಖ ಮಾಡಿ ಒಲೆಯ ಹಿಂದೆ ಇಟ್ಟಿದ್ದಾನೆ. ಚಳಿಯಂತೂ ಆಗುತ್ತಿಲ್ಲ ನಿನಗೆ.

ವಿಷಯಕ್ಕೆ ಬರುತ್ತೇನೆ. ಚರ್ಚಿನಲ್ಲಿ ಪವಿತ್ರ ಪುಸ್ತಕ ಓದುವ ಆರ್ತ್ಯೋಮನ ಮಗ ಸೆವಸ್ತ್ಯಾನ್ ನನ್ನನ್ನು ಮದುವೆಗೆ ಕೇಳಿದ್ದಾನೆ. ಅವನ ತಾಯಿ ಫೆವ್ರೋನ್ಯ ನಿನಗೆ ನೆನಪಿರಬೇಕು. ಊರಿನಲ್ಲಿ ಯಾರ ಪಾಪ ಎಷ್ಟು ಎಂದು ದೇವರಿಗಿಂತ ಮೊದಲು ಗೊತ್ತಿರುವವಳು. ಅವಳದೊಂದು ಷರತ್ತು. ಮೂರು ಬೆರಳಿನಲ್ಲಿ ಶಿಲುಬೆ ಹಾಕುವ ಹೊರಗಿನವನ ಜೊತೆ ಓಡಿಹೋದವಳ ತಂಗಿಯನ್ನು ಮನೆ ತುಂಬಿಸಿಕೊಳ್ಳಬೇಕಾದರೆ, ಮೊದಲು ಆ ಅಕ್ಕ ಬಂದು ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳಬೇಕು. ದೊಡ್ಡ ಉಪವಾಸದ ಹಿಂದಿನ ದಿನ, ಕ್ಷಮೆಯ ಭಾನುವಾರ, ಮೂವತ್ತು ಸಲ ನೆಲಕ್ಕೆ ಹಣೆ ಮುಟ್ಟಿಸಬೇಕು. ಒಂದೊಂದು ಸಲವೂ ನಮ್ಮ ಹಾಗೆ ಎರಡು ಬೆರಳು ಜೋಡಿಸಿ ಶಿಲುಬೆಯ ಗುರುತು ಹಾಕಬೇಕು. ಆಮೇಲೆ ಪಾದ್ರಿ ನಿಕಿಫೋರ್ ‘ದೇವರು ಕ್ಷಮಿಸಲಿ’ ಅಂದರೆ ಮುಗಿಯಿತು. ಗಂಡನನ್ನು ಬಿಡು ಎಂದು ಯಾರೂ ಹೇಳುತ್ತಿಲ್ಲ. ಅವನು ಯಾರಿಗೆ ಬೇಕು?

ನೀನು ಹೇಳಿದ್ದ ಹಾಗೆ ಈ ಪತ್ರವನ್ನು ನಿನ್ನ ಗಂಡನ ಕಚೇರಿಯ ವಿಳಾಸಕ್ಕೇ ಹಾಕುತ್ತಿದ್ದೇನೆ. ನಮ್ಮ ಕಾಗದಕ್ಕೂ ಮೀನಿನ ವಾಸನೆ ಹತ್ತಿರುತ್ತದೆ ಎಂದು ನಿನಗೆ ಭಯವಿರಬಹುದು.

ಮಾಲಾನ್ಯ


ಬ್ರಾಯಿಲಾ
೧೦ ಫೆಬ್ರವರಿ ೧೯೬೮

ಮಾಲಾನ್ಯ,

ನಿನ್ನ ಪತ್ರದ ಮೇಲೆ ಜನವರಿ ಹದಿನಾಲ್ಕು ಎಂದಿದೆ. ಇಲ್ಲಿ ಅಂದು ಇಪ್ಪತ್ತೇಳು. ಲೋಕಕ್ಕಿಂತ ಹದಿಮೂರು ದಿನ ಹಿಂದೆ ಕೂತು ಲೋಕಕ್ಕೆ ಬುದ್ಧಿ ಹೇಳುವವರು ನೀವೇ ಸರಿ.

ನಾಲ್ಕು ವರ್ಷ ನಿನಗೆ ಅಕ್ಕ ಇರಲಿಲ್ಲ. ಫೆವ್ರೋನ್ಯಗೆ ನೆನಪಾದ ಮೇಲೆ ನಿನಗೂ ನೆನಪಾದೆ. ಒಳ್ಳೆಯದು.

ಮೂವತ್ತು ಸಲ ನೆಲ ಮುಟ್ಟಬೇಕೆ? ಯಾರ ಮುಂದೆ? ಗಡ್ಡದಲ್ಲಿ ನಿನ್ನೆಯ ಸಾರು ಇಟ್ಟುಕೊಂಡಿರುವ ಗಂಡಸರ ಮುಂದೆ. ತಮಗೆ ಓದಲು ಬರದ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಬಾರದೆಂದು ಜಗಳವಾಡುವ ಹೆಂಗಸರ ಮುಂದೆ. ನಿಮ್ಮ ಕೆಸರು, ನಿಮ್ಮ ಜೊಂಡಿನ ಸೂರು, ನಿಮ್ಮ ಸೊಳ್ಳೆ ಎಲ್ಲವೂ ಪವಿತ್ರ. ಹೊರಗಿನವನೊಬ್ಬ ನೀರು ಕುಡಿದರೆ ಮಾತ್ರ ಲೋಟ ಮೈಲಿಗೆ.

ಇಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಅತ್ತೆ ಔರೆಲಿಯಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕುಡಿಯುತ್ತಾರೆ. ನಮ್ಮ ಜೋಯೆಗೆ ಹೇಗೆ ಕೂರಬೇಕು, ಹೇಗೆ ಏಳಬೇಕು ಎಲ್ಲ ಗೊತ್ತು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಆ ಕುರ್ಚಿಯಿಂದ ಎದ್ದು ಬಂದು ನಾನು ಫೆವ್ರೋನ್ಯಳ ಕಾಲ ಬಳಿ ಬೀಳಬೇಕು, ಅಲ್ಲವೆ? ಅವಳಿಗೇ ಇಲ್ಲಿಗೆ ಬರಲು ಹೇಳು. ಮೆಟ್ಟಿಲು ಒರೆಸುವ ಕೆಲಸ ಖಾಲಿ ಇದೆ.

ಅಪ್ಪನ ಕೆಮ್ಮು ಹೇಗಿದೆ? ಆ ಸೆವಸ್ತ್ಯಾನ್ ನಿನಗೆ ಇಷ್ಟವೋ, ಬೇರೆ ಯಾರೂ ಬರಲಿಲ್ಲವೆಂದು ಒಪ್ಪಿಕೊಂಡೆಯೋ? ಅದಿಷ್ಟನ್ನು ಬರೆ. ಬೇರೆ ಏನೂ ಬೇಡ.

ಜಿನೋವ್ಯ


ಗ್ರಿಂದು ಹಳ್ಳಿ
೪ ಫೆಬ್ರವರಿ ೧೯೬೮ (ಹಳೆಯ ಪಂಚಾಂಗ, ನಿನಗೆ ಬೇಕಾದರೆ ಹದಿಮೂರು ಕೂಡಿಸಿಕೊ)

ಅಕ್ಕ,

ಅಪ್ಪನ ಕೆಮ್ಮು ಅಪ್ಪನಿಗಿರಲಿ, ನಿನ್ನ ಕಾಫಿ ಆರೀತು.

ಕೇಳಿದ್ದಕ್ಕೆ ಉತ್ತರ. ಇಷ್ಟ. ಬಲೆ ರಿಪೇರಿ ಮಾಡುವಾಗ ಅವನು ಒಂದೇ ಒಂದು ಪ್ರಾರ್ಥನೆಯನ್ನು ತಪ್ಪು ರಾಗದಲ್ಲಿ ಹೇಳುತ್ತಿರುತ್ತಾನೆ. ಅಪ್ಪ ಎಷ್ಟು ಸಲ ತಿದ್ದಿದರೂ ಮತ್ತೆ ಅಲ್ಲೇ ತಪ್ಪುತ್ತಾನೆ. ಹೋದ ಚಳಿಗಾಲ ನಮ್ಮ ದೋಣಿ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಾಗ ಸೊಂಟದ ತನಕ ನೀರಿಗಿಳಿದು ಎಳೆದ. ಹೊರಗೆ ಬಂದು, ಹಲ್ಲು ಕಟಕಟಿಸುತ್ತ, ‘ದೋಣಿ ಸೋರ್ತಾ ಇದೆ, ಡಾಂಬರು ಹಚ್ಚು’ ಅಂದ. ಅಷ್ಟೇ. ಬ್ರಾಯಿಲಾದಲ್ಲಿ ಇದಕ್ಕೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ನನಗೆ ಸಾಕಾಯಿತು.

ನನಗೆ ಇಪ್ಪತ್ತೇಳು. ಇದಕ್ಕೆ ಮೊದಲು ಎರಡು ಸಂಬಂಧ ನಮ್ಮ ಬಾಗಿಲ ತನಕ ಬಂದು ನಿನ್ನ ಹೆಸರು ಕೇಳಿ ಹಿಂದಿರುಗಿದವು. ಆಗ ನೀನು ಹೇಗೆ ಕೂರಬೇಕು, ಹೇಗೆ ಏಳಬೇಕು ಎಂದು ಕಲಿಯುತ್ತಿದ್ದೆ. ಇದೂ ತಿರುಗಿದರೆ ನಾನು ಈ ಮನೆಯಲ್ಲೇ ಮುದುಕಿಯಾಗುತ್ತೇನೆ.

ಬೇಡುವುದಿಲ್ಲ. ಬರುವುದಾದರೆ ಬಾ. ಮೊಣಕಾಲು ಬಗ್ಗದಷ್ಟು ಬೊಜ್ಜು ಬೆಳೆದಿದ್ದರೆ ಅದನ್ನಾದರೂ ಬರೆ, ಫೆವ್ರೋನ್ಯಗೆ ಓದಿ ಹೇಳುತ್ತೇನೆ.

ಮಾಲಾನ್ಯ


ಬ್ರಾಯಿಲಾ
೨೫ ಫೆಬ್ರವರಿ ೧೯೬೮

ಮಾಲಾನ್ಯ,

ಬರುತ್ತೇನೆ. ಶನಿವಾರದ ದೋಣಿಗೆ ಬಂದು ಸೋಮವಾರದ ದೋಣಿಗೆ ಹೊರಡುತ್ತೇನೆ. ನನ್ನ ಗಂಡ ಒವಿದಿಯು ಬರುವುದಿಲ್ಲ. ಅವನ ಬೋಳು ಗದ್ದ ನೋಡಿ ನಿಮ್ಮ ಮಕ್ಕಳು ಹೆದರಿ ಅಳುವುದು ಬೇಡ. ಅತ್ತೆಗೆ ಗೆಳತಿಯ ಮನೆಗೆ ಹೋಗುತ್ತೇನೆ ಎಂದಿದ್ದೇನೆ.

ಉದ್ದ ಲಂಗ, ರುಮಾಲು, ಸೊಂಟದ ಪಟ್ಟಿ ತೆಗೆದಿಟ್ಟಿರು. ನನ್ನ ಪಟ್ಟಿ ಎಲ್ಲಿ ಹೋಯಿತೋ ಗೊತ್ತಿಲ್ಲ. ದೀಕ್ಷಾಸ್ನಾನದ ದಿನ ಕಟ್ಟಿದ್ದನ್ನು ಸಾಯುವ ತನಕ ಬಿಚ್ಚಬಾರದು ಎಂಬ ಪಾಠವನ್ನು ನನಗೆ ಹೇಳಬೇಡ, ಅದು ಗೊತ್ತಿದೆ.

ನಾನು ಬರುತ್ತಿರುವುದು ಆ ಡಾಂಬರಿನ ಮಾತಿಗೆ. ನಿಮ್ಮ ದೇವರಿಗಾಗಲಿ ಫೆವ್ರೋನ್ಯಗಾಗಲಿ ಅಲ್ಲ.

ಜಿನೋವ್ಯ


ಗ್ರಿಂದು ಹಳ್ಳಿ
೧ ಮಾರ್ಚ್ ೧೯೬೮ (ಹಳೆಯ ಪಂಚಾಂಗ)

ಜಿನೋವ್ಯ,

ನೀನು ಹೋಗಿ ಹತ್ತು ದಿನವಾಯಿತು. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಒಮ್ಮೆ ನನ್ನ ಕಣ್ಣಿನಿಂದಲೂ ನೋಡು.

ಶನಿವಾರ ನಿನಗೆ ಹೊರಗಿನವರ ತಟ್ಟೆಯಲ್ಲಿ ಬಡಿಸಿದೆ. ನೀನಿನ್ನೂ ತಪ್ಪೊಪ್ಪಿಕೊಂಡಿರಲಿಲ್ಲ, ನಮ್ಮ ತಟ್ಟೆ ಕೊಡುವ ಹಾಗಿರಲಿಲ್ಲ. ಏನಾದರೂ ಚುಚ್ಚು ಮಾತಾಡುತ್ತೀಯೆಂದು ಕಾದೆ. ನೀನು ತಲೆ ಬಗ್ಗಿಸಿ ಮೀನಿನ ಸಾರನ್ನು ಎರಡು ಸಲ ಹಾಕಿಸಿಕೊಂಡು ತಿಂದೆ. ಅಪ್ಪ ನಿನ್ನ ಕಡೆ ನೋಡದೆ, ‘ಮುಳ್ಳು ನೋಡ್ಕೊಂಡು ತಿನ್ನು’ ಅಂದ. ಏಳು ವರ್ಷದಲ್ಲಿ ಅವನು ನಿನಗೆ ಆಡಿದ ಮೊದಲ ಮಾತು ಅದು.

ಭಾನುವಾರ ನೀನು ಚರ್ಚಿನ ಕಂಬದ ಮುಂದೆ ನಿಂತೆ. ಗಂಡಸರ ಕಡೆ ಸೆವಸ್ತ್ಯಾನ್, ಹೆಂಗಸರ ಸಾಲಿನ ತುದಿಯಲ್ಲಿ ಫೆವ್ರೋನ್ಯ. ನಾನು ಜಪಸರ ಹಿಡಿದು ಎಣಿಸಿದೆ. ಒಂದೊಂದು ಸಲವೂ ಎರಡು ಬೆರಳು, ನೆಟ್ಟಗೆ, ಅವ್ವ ಹಾಕುತ್ತಿದ್ದ ಹಾಗೆ. ಇಪ್ಪತ್ತರ ಹೊತ್ತಿಗೆ ನಿನ್ನ ಹಣೆಯಿಂದ ಬೆವರು ಹಲಗೆಯ ಮೇಲೆ ಬಿತ್ತು. ನನಗೆ ನಿನ್ನ ಮೇಲೆ ಹೆಮ್ಮೆಯಾಯಿತು. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಇಪ್ಪತ್ತೊಂಬತ್ತು ಸರಿಯಾಗಿ ಹಾಕಿದೆ. ಮೂವತ್ತಕ್ಕೆ ಎದ್ದು ನಿಂತೆ. ಪಾದ್ರಿ ನಿಕಿಫೋರ್ ‘ದೇವರು ಕ್ಷಮಿಸಲಿ’ ಅನ್ನಲು ಬಾಯಿ ತೆರೆದೇ ಬಿಟ್ಟಿದ್ದರು. ಆಗ ನೀನು ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಸೇರಿಸಿ, ಉಪ್ಪಿನ ಚಿಟಿಕೆ ಹಿಡಿದ ಹಾಗೆ ಹಿಡಿದು, ಅವರ ಶಿಲುಬೆ ಹಾಕಿದೆ.

ಫೆವ್ರೋನ್ಯ ಕೂಗಲಿಲ್ಲ. ಪಕ್ಕದವಳಿಗೆ ಹೇಳುವ ಹಾಗೆ ಹೇಳಿದಳು: ‘ನೋಡಿದ್ಯೇನೇ. ಊರಿಗ್ ಊರೇ ನಿಂತಿರೋವಾಗ ಮುಖಕ್ಕೆ ಉಗಿದ್ಲು. ಇವಳ ತಂಗೀನ ನಾನು ನನ್ನ ಒಲೆ ಮುಂದೆ ನಿಲ್ಲಿಸ್ಕೋಬೇಕಂತೆ.’

ನೀನು ನಿನ್ನ ಕೈಯನ್ನು ನೋಡಿಕೊಂಡೆ. ಆಮೇಲೆ ನಕ್ಕೆ. ಇಲ್ಲ ಅನ್ನಬೇಡ, ನಾನು ನೋಡಿದೆ. ನಕ್ಕು, ಯಾರನ್ನೂ ನೋಡದೆ, ಹೊರಗೆ ನಡೆದುಬಿಟ್ಟೆ.

ನಿಶ್ಚಯಕ್ಕೆಂದು ನಾನು ಕೈಯಾರೆ ಕಸೂತಿ ಹಾಕಿ ಕೊಟ್ಟಿದ್ದ ರುಮಾಲನ್ನು ಫೆವ್ರೋನ್ಯ ಅಂದು ಸಂಜೆಯೇ ಹಿಂದಕ್ಕೆ ಕಳಿಸಿದಳು, ಮಡಿಕೆ ಬಿಚ್ಚದೆ. ಸೆವಸ್ತ್ಯಾನ್ ಬರಲಿಲ್ಲ. ಅವನ ದೋಣಿ ನಮ್ಮ ಕಟ್ಟೆಯ ಮುಂದೆ ಹಾಯುವಾಗ ಹುಟ್ಟು ಜೋರಾಗಿ ಹಾಕುತ್ತಾನೆ.

ನೀನು ಮರೆತು ಮಾಡಿದ್ದರೆ ಮೊದಲನೆಯದರಲ್ಲೇ ತಪ್ಪುತ್ತಿದ್ದೆ. ಇಪ್ಪತ್ತೊಂಬತ್ತು ಸಲ ಸರಿಯಾಗಿ ಹಾಕಿದ ಕೈಗೆ ಮೂವತ್ತನೆಯದು ಗೊತ್ತಿರಲಿಲ್ಲವೆ? ಬೇಕೆಂದೇ ಮಾಡಿದೆ. ಈ ಎರಡು ಬೆರಳಿಗಾಗಿ ನಮ್ಮ ಹಿರಿಯರು ದೊರೆಗೇ ಬೆನ್ನು ತಿರುಗಿಸಿ, ಹೊಲ ಮನೆ ಬಿಟ್ಟು, ಈ ಜೊಂಡಿನ ನೀರಿಗೆ ಬಂದು ಕೂತರು. ನಿನಗೆ ಒಂದು ಗಳಿಗೆ ಅವನ್ನು ಎತ್ತಲಾಗಲಿಲ್ಲ. ಬರದಿದ್ದರೆ ನಾನು ಬರೀ ಸೋಲುತ್ತಿದ್ದೆ. ಬಂದು ನನ್ನನ್ನು ನಗೆಗೀಡು ಮಾಡಿದೆ.

ಇನ್ನು ಬರೆಯಬೇಡ.


ಬ್ರಾಯಿಲಾ
೨೪ ಮಾರ್ಚ್ ೧೯೬೮

ಮಾಲಾನ್ಯ,

ಹೌದು, ಬೇಕೆಂದೇ ಮಾಡಿದೆ.

ಮೂವತ್ತನೆಯ ಸಲ ಎದ್ದಾಗ ನಿಮ್ಮೆಲ್ಲರ ಮುಖ ಕಾಣಿಸಿತು. ಮಾರುಕಟ್ಟೆಯಲ್ಲಿ ಮೀನಿನ ಕಿವಿರು ಎತ್ತಿ ಮೂಸಿ ನೋಡುವವರ ಮುಖ. ಇವರಿಗೆ ಇಷ್ಟೇ ಸಾಕು ಅನಿಸಿತು, ಕೊಟ್ಟೆ.

ಬೆರಳು ಎಣಿಸಿ ಸೊಸೆ ಆರಿಸುವ ಮನೆ ನಿನಗೆ ತಪ್ಪಿತು. ಹುಟ್ಟು ಜೋರಾಗಿ ಹಾಕಿಕೊಂಡು ಓಡುವವನೂ ತಪ್ಪಿದ. ಅದಕ್ಕೆ ಅಳುತ್ತಾ ಕೂರುವವಳಿಗೆ ನನ್ನ ಬಳಿ ಹೇಳುವುದೇನೂ ಇಲ್ಲ. ನನಗೂ ಬರೆಯಲು ಬಿಡುವಿಲ್ಲ.

ಜಿನೋವ್ಯ


ತುಲ್ಚಾ
೮ ಸೆಪ್ಟೆಂಬರ್ ೧೯೬೯

ಅಕ್ಕ,

ಹದಿನೈದು ತಿಂಗಳಿಂದ ನಾನು ತುಲ್ಚಾದಲ್ಲಿದ್ದೇನೆ. ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ. ಕಳಿಸಿದವನು ಅಪ್ಪನೇ. ‘ಇಲ್ಲಿ ನಿನ್ನ ನೋಡಿದವ್ರೆಲ್ಲ ಅವಳನ್ನೇ ನೋಡ್ತಾರೆ, ಹೋಗು’ ಅಂದ.

ಒಂದು ಕೋಣೆಗೆ ಆರು ಜನ. ಉಳಿದ ಐವರೂ ಪೇಟೆಯ ಹುಡುಗಿಯರು. ಜೀವಂತ ಮೀನು ಕಂಡರೆ ಕಿರುಚುತ್ತಾರೆ. ಸತ್ತದ್ದರ ಹೊಟ್ಟೆ ಸೀಳಿ ಸಂಬಳ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಉಗುರಿಗೆ ಬಣ್ಣ ಹಚ್ಚಿ ಆ ಕೈಯನ್ನೇ ಉಪ್ಪುನೀರಿಗೆ ಅದ್ದುತ್ತಾರೆ. ನನಗೆ ಹೆಸರಿದ್ದರೂ ಲಿಪೊವಾನರವಳು ಎಂದೇ ಕರೆಯುತ್ತಾರೆ. ನಮ್ಮ ಜಾತಿಯ ಹೆಸರನ್ನು ಕೆಮ್ಮಿದ ಹಾಗೆ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತೇನೋ.

ಬರೆಯುವ ಕಾರಣ ಇದು. ಹೋದ ವಾರ ಸೆವಸ್ತ್ಯಾನ್ ಮೀನಿನ ಪೆಟ್ಟಿಗೆ ಇಳಿಸಲು ಬಂದಿದ್ದ. ಅವನಿಗಿನ್ನೂ ಮದುವೆಯಾಗಿಲ್ಲ. ಗೇಟಿನ ಹೊರಗೆ ನಿಂತು, ಟೋಪಿ ತಿರುವುತ್ತ ಹೇಳಿದ: ‘ಅವ್ವ ಒಪ್ಪಿದಾಳೆ. ದೇವಮಾತೆಯ ಮುಸುಕಿನ ಹಬ್ಬದ ದಿನ ಚರ್ಚಲ್ಲಿ ಪಾದ್ರಿ ಕೇಳ್ತಾರೆ. ನನಗೆ ಅಕ್ಕ ಇಲ್ಲ ಅಂದ್ಬಿಡು. ಬರೀ ಬಾಯಿಮಾತು, ಮಾಲಾನ್ಯ. ಆಮೇಲೆ ಮದುವೆ.’

ಹಬ್ಬಕ್ಕೆ ಐದು ವಾರವಿದೆ. ಆ ಮಾತು ಆಡುವ ಮೊದಲು ನಿನ್ನನ್ನು ಒಂದು ಕೇಳಬೇಕು. ನೀನು ಬೇಕೆಂದೇ ಮಾಡಿದೆಯಾ? ಅಂದು ಕೋಪದಲ್ಲಿ ಬರೆದದ್ದು ಬೇಡ, ನಿಜ ಬರೆ. ಬೇಕೆಂದೇ ಮಾಡಿದ್ದರೆ ನನಗೆ ಹೇಳುವುದು ಸುಲಭ.

ಮಾಲಾನ್ಯ


ಬ್ರಾಯಿಲಾ
೧೭ ಸೆಪ್ಟೆಂಬರ್ ೧೯೬೯

ಮಾಲಾನ್ಯ,

ನಿನ್ನ ಪತ್ರದ ತಾರೀಖು ಮೊದಲ ಸಲ ನಮ್ಮ ಗೋಡೆಯ ತಾರೀಖಿಗೆ ಹೊಂದಿತು. ಕಾರ್ಖಾನೆಯ ಸೈರನ್ನಿಗೆ ಹಳೆಯ ಪಂಚಾಂಗ ಓದಲು ಬರುವುದಿಲ್ಲ, ಅಲ್ಲವೆ?

ಬೇಕೆಂದೇ ಮಾಡಿದೆ. ಹೇಳಿಬಿಡು. ನಾಲಿಗೆ ಸುಡುವುದಿಲ್ಲ, ಅದಕ್ಕೆ ನಾನೇ ಸಾಕ್ಷಿ. ನನ್ನ ಅತ್ತೆಯ ಲೆಕ್ಕದಲ್ಲಿ ನಾನು ಅನಾಥೆ. ಅಪ್ಪ ಅವ್ವ ಯುದ್ಧದಲ್ಲಿ ಸತ್ತರು, ಒಡಹುಟ್ಟಿದವರು ಯಾರೂ ಇಲ್ಲ ಎಂದು ಈ ಮನೆಗೆ ಬಂದ ದಿನವೇ ಹೇಳಿದೆ. ಒವಿದಿಯುಗೆ ಮಾತ್ರ ಗೊತ್ತು. ನಿನ್ನ ಪತ್ರಗಳು ಕಚೇರಿಗೆ ಬರುವುದು ಅದಕ್ಕೇ. ಅತ್ತೆ ಮರುಗಿ ನನಗೊಂದು ಕೋಟು ಹೊಲಿಸಿಕೊಟ್ಟರು. ‘ಸದ್ಯ, ಆ ಗಡ್ಡದವರ ಪೈಕಿ ಅಲ್ವಲ್ಲ. ಅವರ ಮೈಯಿಂದ ಮೀನಿನ ವಾಸನೆ ಹೋಗಲ್ಲ’ ಅಂದರು. ನಾನು ಹೌದೆಂದು ತಲೆಯಾಡಿಸಿದೆ. ಮೊದಲ ತಿಂಗಳು ಅವರ ಚರ್ಚಿನಲ್ಲಿ ಕೈ ತಪ್ಪಬಾರದೆಂದು ಮೂರು ಬೆರಳಿಗೂ ದಾರ ಸುತ್ತಿ, ಕೈಗವಸಿನೊಳಗೆ ಅಭ್ಯಾಸ ಮಾಡಿದೆ. ಕಲಿತೆ. ಮನುಷ್ಯರು ಏನು ಬೇಕಾದರೂ ಕಲಿಯುತ್ತಾರೆ.

ಎಂಟು ವರ್ಷದಿಂದ ನನಗೆ ತಂಗಿ ಇಲ್ಲ. ಮಾಡು ಕುಸಿದಿಲ್ಲ, ಊಟ ಸೇರುತ್ತದೆ. ನಿನಗೆ ಒಂದು ದಿನ ಅಕ್ಕ ಇಲ್ಲದಿದ್ದರೆ ಏನಾಯಿತು? ಆ ಟೋಪಿ ತಿರುವುವವನಿಗೆ ಹೂಂ ಅನ್ನು. ಅವನ ದೋಣಿಗೂ ಡಾಂಬರು ಹಚ್ಚಲು ಒಬ್ಬಳು ಬೇಕು.

ಜಿನೋವ್ಯ


ತುಲ್ಚಾ
೨೦ ಅಕ್ಟೋಬರ್ ೧೯೬೯

ಅಕ್ಕ,

ನಿನ್ನ ಅತ್ತೆಯ ಮುಂದೆ ಹೇಗೋ, ನನ್ನ ಮುಂದೆ ನಿನಗೆ ಸುಳ್ಳು ಹೇಳಲು ಬರುವುದಿಲ್ಲ.

ಹೋದ ಪತ್ರದಲ್ಲಿ ಒಂದನ್ನು ನಾನು ಬರೆದಿರಲಿಲ್ಲ. ಆಗಸ್ಟಿನಲ್ಲಿ ಕಾರ್ಖಾನೆಯ ಆವಿಯ ಕೊಳವೆ ಒಡೆಯಿತು. ಯಾರಿಗೂ ಏನೂ ಆಗಲಿಲ್ಲ, ಸದ್ದು ಮಾತ್ರ ಭಯಂಕರ. ಹುಡುಗಿಯರೆಲ್ಲ ಚೀರಿ ಶಿಲುಬೆ ಹಾಕಿಕೊಂಡರು. ನನ್ನ ಕೈಯೂ ಎದ್ದಿತು. ಎದ್ದು, ಎದೆಯ ಮುಂದೆ ಹಾಗೇ ನಿಂತುಬಿಟ್ಟಿತು. ಊಟದ ಹೊತ್ತಿನಲ್ಲಿ ಇವರು ನಗುತ್ತಾರೆಂದು ನಾನು ಮೊದಲು ಶಿಲುಬೆಯನ್ನು ಏಪ್ರನ್ನಿನ ಕೆಳಗೆ ಹಾಕತೊಡಗಿದ್ದೆ, ಆಮೇಲೆ ಅದನ್ನೂ ಬಿಟ್ಟಿದ್ದೆ. ಈಗ ಎರಡೋ ಮೂರೋ ಎಂದು ಕೈಗೇ ತಿಳಿಯಲಿಲ್ಲ. ನಾನು ಆ ಕೈಯನ್ನು ನೋಡಿಕೊಂಡು ನಿಂತೆ. ನಗು ಬಂತು. ಸಂತೋಷದ್ದಲ್ಲ, ಮೆಟ್ಟಿಲು ಇದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದಾಗ ಬರುವ ನಗು. ಅದೇ ನಗುವನ್ನು ನಾನು ಚರ್ಚಿನಲ್ಲಿ ನಿನ್ನ ಮುಖದ ಮೇಲೆ ನೋಡಿದ್ದೆ.

ನನ್ನ ಕೈ ಒಂದು ವರ್ಷದಲ್ಲಿ ಹೀಗಾಯಿತು. ನಿನಗೆ ಏಳು ವರ್ಷ. ಆದರೂ ನೀನಾಗಿ ಹೇಳಲಿ ಎಂದು ಕೇಳಿದೆ. ಹೇಳಲಿಲ್ಲ. ನನ್ನ ಮದುವೆಯಾಗಲಿ ಎಂದು ದೊಡ್ಡಸ್ತಿಕೆಯಿಂದ ಸುಳ್ಳು ಬರೆದೆ, ನಡುವೆ ದಾರದ ಮಾತು ಬರೆದು ಸಿಕ್ಕಿಬಿದ್ದೆ.

ಹಬ್ಬಕ್ಕೆ ಹೋಗಿದ್ದೆ. ಪಾದ್ರಿ ನಿಕಿಫೋರ್ ಎಲ್ಲರ ಮುಂದೆ, ‘ಮಾಲಾನ್ಯ, ನಿಂಗೆ ಅಕ್ಕ ಇದಾಳಾ?’ ಎಂದು ಕೇಳಿದರು. ಪಾಪ, ಅವರಿಗೂ ಬೇಗ ಮುಗಿದರೆ ಸಾಕಿತ್ತು.

‘ಇದಾಳೆ. ತೆರೆಂತಿಯ ದೊಡ್ಡ ಮಗಳು ಜಿನೋವ್ಯ. ಬ್ರಾಯಿಲಾದಲ್ಲಿದಾಳೆ’ ಅಂದೆ.

ಈ ಮನೆಯ ರಕ್ತವೇ ಹಾಗೆ ಎಂದು ಫೆವ್ರೋನ್ಯ ಗೊಣಗಿದಳು. ನಾನು ಸೆವಸ್ತ್ಯಾನನ ಕಡೆ ನೋಡಿದೆ. ಅವನು ಟೋಪಿಯ ಒಳಗೆ ಏನೋ ಬರೆದಿರುವ ಹಾಗೆ ಅದನ್ನೇ ಓದುತ್ತಿದ್ದ. ಮಂಜಿನ ನೀರಿಗೆ ಸೊಂಟದ ತನಕ ಇಳಿದವನು. ಅವನ ತಾಯಿ ನಿಂತ ನೆಲದ ಮೇಲೆ ಒಂದು ಹೆಜ್ಜೆ ಇಡಲಾಗಲಿಲ್ಲ. ಅತ್ತುಬಿಡುತ್ತೇನೆ ಅಂದುಕೊಂಡಿದ್ದೆ, ಕಣ್ಣೀರು ಬರಲಿಲ್ಲ. ಬಂದಿದ್ದರೆ ಆ ಟೋಪಿಯಲ್ಲಿ ಹಿಡಿಯಲು ಹೇಳುತ್ತಿದ್ದೆ.

ದೋಣಿ ಹತ್ತುವಾಗ ಅಪ್ಪ ನನ್ನ ಗಂಟಿಗೆ ಒಣಮೀನು ತುಂಬಿದ. ‘ಅರ್ಧ ಅವಳಿಗೆ’ ಅಂದ. ಹೆಸರು ಹೇಳಲಿಲ್ಲ.

ಹಾಗಾಗಿ ಬರಲೇಬೇಕಾಗಿದೆ. ನವೆಂಬರ್ ಎರಡು, ಭಾನುವಾರ. ಒವಿದಿಯುವಿನ ಕಚೇರಿಗಲ್ಲ, ನಿನ್ನ ಮನೆಗೆ. ನಿನ್ನ ಅತ್ತೆ ಬಾಗಿಲು ತೆರೆದು, ಯಾರಿದು ಎಂದು ಕೇಳುತ್ತಾರೆ. ನೀನು ಏನು ಹೇಳುತ್ತೀಯೋ ಹೇಳು. ಮೀನು ಮಾರುವವಳು ಅಂದರೂ ಮೀನು ಕೊಟ್ಟು ಇಳಿದು ಹೋಗುತ್ತೇನೆ. ಆದರೆ ಆಮೇಲೆ ನಿಜವಾಗಿಯೂ ನಿನಗೆ ತಂಗಿ ಇರುವುದಿಲ್ಲ.

ಮಾಲಾನ್ಯ


ಬ್ರಾಯಿಲಾ
೨೭ ಅಕ್ಟೋಬರ್ ೧೯೬೯

ಮಾಲಾನ್ಯ,

ನಿನ್ನೆ ಅತ್ತೆಯ ಗೆಳತಿಯರಿಬ್ಬರು ಬಂದಿದ್ದರು. ಮೀನಿನವರು ಸೋಮವಾರ ಮಾರುಕಟ್ಟೆಯಲ್ಲಿ ಹೇಗೆ ಮೋಸ ಮಾಡಿದರೆಂದು ಹೇಳಿ ನಗುತ್ತಿದ್ದರು. ನಾನು ಕಾಫಿ ಬಗ್ಗಿಸುತ್ತಿದ್ದೆ. ಬಗ್ಗಿಸುತ್ತಲೇ ಹೇಳಿದೆ: ‘ಬರೋ ಭಾನುವಾರ ನನ್ನ ತಂಗಿ ಬರ್ತಾಳೆ, ಗ್ರಿಂದು ಹಳ್ಳಿಯಿಂದ. ನಾವು ಲಿಪೊವಾನರು. ನಮ್ಮಪ್ಪ ಮೀನು ಹಿಡೀತಾನೆ.’

ಗೆಳತಿಯರು ಹೋಗುವ ತನಕ ಅತ್ತೆಯ ಮುಖದಿಂದ ನಗು ಇಳಿಯಲಿಲ್ಲ. ಅಷ್ಟು ಕಲಿತವರು ಅವರು. ಬಾಗಿಲು ಹಾಕಿ ಬಂದು ಕೇಳಿದರು: ‘ಎಂಟು ವರ್ಷ ನಿನ್ನ ಸತ್ತ ತಂದೆಗೆ ನಾನು ಮೇಣದಬತ್ತಿ ಹಚ್ಚಿದೆನಲ್ಲ. ಅದು ಯಾರಿಗೆ ಹೋಯ್ತು?’

ನಿಮ್ಮ ಊರಿನವರನ್ನೂ ಇವರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತಿರಸ್ಕರಿಸುವುದು ನನಗೆ ಈವರೆಗೆ ಸಲೀಸಾಗಿತ್ತು. ಈ ಪ್ರಶ್ನೆಯನ್ನು ಮಾತ್ರ ಆ ತಕ್ಕಡಿಗೆ ಹಾಕಲಾಗಲಿಲ್ಲ. ನೀನು ಬಂದರೆ ಹಿಂದಿನ ಮೆಟ್ಟಿಲಿನಿಂದ ಬರಬೇಕೆಂದು ಅತ್ತೆ ಒವಿದಿಯು ಮೂಲಕ ಹೇಳಿಸಿದ್ದಾರೆ. ಅವನು ಅದನ್ನು ಹೇಳುವಾಗ ತನ್ನ ಬೂಟು ನೋಡುತ್ತಿದ್ದ. ಗಂಡಸರಿಗೆ ನೋಡಲು ಒಂದಲ್ಲ ಒಂದು ವಸ್ತು ಸಿಗುತ್ತದೆ.

ಬೇಕೆಂದು ಮಾಡಲಿಲ್ಲ, ಮಾಲಾನ್ಯ. ಬರುವಾಗ ದಾರಿಯುದ್ದಕ್ಕೂ ಶಾಲಿನೊಳಗೆ ಎರಡು ಬೆರಳು ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಇಪ್ಪತ್ತೊಂಬತ್ತನ್ನೂ ಬೆರಳು ನೋಡಿಕೊಂಡು, ಫೆವ್ರೋನ್ಯಗೆ ಹಾಕಿದೆ. ಕೊನೆಯದಕ್ಕೆ, ಮುಗಿಯಿತು, ನಿನ್ನ ಮದುವೆಯಾಗುತ್ತದೆ ಅನಿಸಿ ಮನಸ್ಸು ಸಡಿಲಾಯಿತು. ಅದೊಂದನ್ನು ಮಾತ್ರ ದೇವರಿಗೆ ಹಾಕಿದೆ. ಅದು ಮೂರು ಬೆರಳಾಗಿತ್ತು. ನನ್ನ ಕೈ ಇನ್ನು ನಿಮ್ಮದಲ್ಲ ಎಂದು ನನಗೂ ಆಗಲೇ ತಿಳಿದದ್ದು. ಮರೆತೆ ಎನ್ನುವುದಕ್ಕಿಂತ ಉಗಿದೆ ಎನ್ನುವುದು ಸುಲಭವಾಗಿತ್ತು.

ಹಿಂದಿನ ಮೆಟ್ಟಿಲು ಕಲ್ಲಿದ್ದಲು ತರುವವನಿಗೆ. ನೀನು ಬೀದಿಯ ಬಾಗಿಲಿಗೇ ಬಾ, ಹನ್ನೊಂದು ಗಂಟೆಗೆ, ಇಡೀ ಬೀದಿ ಚರ್ಚಿನಿಂದ ಮನೆಗೆ ಬರುವ ಹೊತ್ತು. ನಾನು ಹೊಸ್ತಿಲ ಹೊರಗೆ ನಿಂತಿರುತ್ತೇನೆ. ಊರಿನ ರುಮಾಲನ್ನೇ ಕಟ್ಟಿಕೊ, ಕೆಂಪಿನದು. ಮೂರೂ ಮಹಡಿಯ ಕಿಟಕಿಗಳಿಗೆ ಕಾಣಬೇಕು.

ಜಿನೋವ್ಯ